ಕೈಗುಣ ಬರೀ ಡಾಕ್ಟರದಾ?

ಹೋದ ತಿಂಗಳು ರಜೆಗೆ ದಾವಣಗೆರೆಗೆ ಹೋಗಿದ್ದೆ. ತಮ್ಮನ ಮಗಳ ನಾಮಕರಣ. ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ತಮ್ಮ ಹರ್ನಿಯಾ ಆಪರೇಷನ್ ಕಥೆ ಹೇಳುತ್ತಿದ್ದರು. "ಆ ಡಾಕ್ಟ್ರ ಕೈಗುಣ ಬಾಳ ಚೆನ್ನಾಗೈತೆ." ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ಥೇಟರ್ನಾಗೆ ಇರೋದಲ್ವೇನಮ್ಮ? ಡಾಕ್ಟ್ರಿಗೆ ಕತ್ತರಿ ಎತ್ತಿ ಕೊಡೋದು?" ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಬಾಯಲ್ಲಿದ್ದ ಹೋಳಿಗೆ ಒಳಗಿಳಿಯಲಿಲ್ಲ.

ನಾನು ಆಪರೇಷನ್ ಥಿಯೇಟರ್ ನರ್ಸ್. ಕತ್ತರಿ ಕೊಡಲು ಒಂದು ಸೆಕೆಂಡು ಸಾಕು. ಅದರ ಹಿಂದಿನ ಕೆಲಸ ಯಾರಿಗೂ ಕಾಣಲ್ಲ. ಗೌನ್, ಗ್ಲೌಸ್ ಹಾಕಿದ ಮೇಲೆ ಕೈ ಸೊಂಟದಿಂದ ಕೆಳಗೆ ಇಳಿಯಬಾರದು. ಬ್ಲೇಡನ್ನು ಕೈಗೆ ಕೊಡದೆ ಕಿಡ್ನಿ ಟ್ರೇನಲ್ಲಿ ಇಟ್ಟು ಕೊಡಬೇಕು. ಸರ್ಜನ್ ಎಡಗೈಯವರಾದರೆ ಸೂಜಿಯ ಮುಖ ತಿರುಗಿಸಿ ಹಿಡಿಸಬೇಕು. ರಕ್ತ ಚಿಮ್ಮಿದರೆ, ಅವರು ಕೇಳುವ ಮೊದಲೇ ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸ್ ಅವರ ಅಂಗೈಲಿರಬೇಕು.

ಎಲ್ಲಕ್ಕಿಂತ ದೊಡ್ಡದು ಲೆಕ್ಕ. ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸ್ವಾಬ್‌ಗಳು, ಅಂದರೆ ರಕ್ತ ಒರೆಸುವ ಬಟ್ಟೆಗಳು, ಐದೈದರ ಕಟ್ಟಿನಲ್ಲಿ ಬರುತ್ತವೆ, ಕೆಂಪು ದಾರ ಕಟ್ಟಿರುತ್ತೆ. ಒಂದೊಂದನ್ನೂ ಬಿಡಿಸಿ, ಎಕ್ಸ್‌ರೇಯಲ್ಲಿ ಕಾಣುವ ಎಳೆ ಇದೆಯಾ ನೋಡಿ, ಇಬ್ಬರು ಸೇರಿ ಬಾಯಿಬಿಟ್ಟು ಎಣಿಸುತ್ತೇವೆ. ಗೋಡೆಯ ಬೋರ್ಡಿನಲ್ಲಿ ಬರೆಯುತ್ತೇವೆ. ಶುರುವಿಗೆ ಮುಂಚೆ ಒಂದು ಸಲ, ಹೊಟ್ಟೆ ಮುಚ್ಚುವ ಮುಂಚೆ ಒಂದು ಸಲ, ಚರ್ಮ ಹೊಲಿಯುವಾಗ ಮತ್ತೊಂದು ಸಲ.

ಎರಡು ವರ್ಷದ ಹಿಂದೆ ಒಂದು ಕರುಳಿನ ಆಪರೇಷನ್. ಮುಚ್ಚುವ ಹೊತ್ತಿಗೆ ಬೋರ್ಡಿನಲ್ಲಿ 25, ನನ್ನ ಮುಂದೆ 24. "ಲೆಕ್ಕ ತಪ್ಪಿದೆ, ನಿಲ್ಲಿಸಿ" ಅಂದೆ. ಅಷ್ಟು ಹಿರಿಯ ಸರ್ಜನ್ ಮರುಮಾತಿಲ್ಲದೆ ನೀಡಲ್ ಹೋಲ್ಡರ್ ಕೆಳಗಿಟ್ಟರು. ಮತ್ತೆ ಕೈ ಹಾಕಿ ಹುಡುಕಿದರು. ಕರುಳಿನ ಮರೆಯಲ್ಲಿತ್ತು, ರಕ್ತ ಕುಡಿದು ಮುದ್ದೆಯಾಗಿತ್ತು. ನನ್ನ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ ಹೊಲಿಗೆ ಶುರು ಮಾಡಿದರು.

"ನಿಲ್ಲಿಸಿ" ಅನ್ನೋ ಮಾತು ಊರಲ್ಲಿ ನನ್ನ ಬಾಯಿಂದ ಬಂದಿರಲಿಲ್ಲ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ನಮ್ಮ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿದ ಮೊದಲ ವರ್ಷ. ಒಂದು ಮಾಪ್, ಅಂದರೆ ದೊಡ್ಡ ಸ್ವಾಬ್, ಸಿಗಲಿಲ್ಲ. "ಸರ್..." ಅಂದೆ. "ಸರಿಯಾಗಿ ಎಣಿಸಮ್ಮ" ಅಂದವರು ಹೊಲಿಯುತ್ತಲೇ ಇದ್ದರು. ಎರಡನೇ ಸಲ ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಬಕೆಟ್ಟಿನ ತಳದಲ್ಲಿ ಸಿಕ್ಕಿತು. ಅಲ್ಲಿ ಇರದಿದ್ದರೆ? ಈಗಲೂ ಕೆಲವು ರಾತ್ರಿ ಅದು ನೆನಪಾಗಿ ನಿದ್ದೆ ಬರಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಆಪರೇಷನ್ನಿಗೊಂದು ಚೆಕ್‌ಲಿಸ್ಟ್ ಕೊಟ್ಟಿದೆ. ಚರ್ಮ ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತ ಅದರಲ್ಲಿದೆ. ಸುಮ್ನೆ ಶಾಸ್ತ್ರಕ್ಕಲ್ಲ. ಬೆಳಗ್ಗೆ ಒಮ್ಮೆ ಹೆಸರು ಹೇಳಿ ಬಾಯಿ ಬಿಟ್ಟವಳಿಗೆ, ಮಧ್ಯಾಹ್ನ "ನಿಲ್ಲಿಸಿ" ಅನ್ನೋದು ಅಷ್ಟು ಕಷ್ಟ ಆಗಲ್ಲ. ಊರಲ್ಲಿ ನಾನು ಕೆಲಸ ಮಾಡಿದ ಕಡೆ ನಾವೆಲ್ಲ ಬರೀ "ಸಿಸ್ಟರ್". 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಹರಿಹರ, ಜಗಳೂರು, ಹೊನ್ನಾಳಿಯಿಂದ ಜನ ಆಪರೇಷನ್ನಿಗೆ ಅಲ್ಲಿಗೇ ಬರುತ್ತಾರೆ. ಅಂಥ ಊರಲ್ಲೂ ಕೈಗುಣ ಅಂದರೆ ಡಾಕ್ಟರದು ಮಾತ್ರ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಆದರೆ ಒಂದು ಮಾತು ಒಪ್ಪಲೇಬೇಕು. ಕೆಲಸ ನನ್ನ ಕೈಗೆ ಹತ್ತಿದ್ದು ದಾವಣಗೆರೆಯಲ್ಲೇ. ನಮ್ಮ ಹಿರಿಯ ಸಿಸ್ಟರ್ ಸರ್ಜನ್ ಚಾಚಿದ ಅಂಗೈ ನೋಡಿಯೇ ಯಾವ ಸಾಮಾನು ಅಂತ ತಿಳಿದುಕೊಳ್ಳುತ್ತಿದ್ದರು. ದಿನಕ್ಕೆ ಏಳೆಂಟು ಕೇಸ್ ಆದರೂ ಕೈ ನಡುಗುತ್ತಿರಲಿಲ್ಲ. ಕೈ ತೊಳೆದು ಗೌನ್ ಹಾಕಿ ಸ್ಕ್ರಬ್ ಆಗುವ ಮೊದಲು, ಸ್ಪೈನಲ್ ಸೂಜಿಗೆ ಹೆದರಿದ ಅಜ್ಜಿಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು "ಬೆನ್ನು ಬಗ್ಗಿಸವ್ವ, ನಾನಿದೀನಿ" ಅನ್ನುತ್ತಿದ್ದರು. ಲೀಡ್ಸ್‌ನಲ್ಲಿ ಕೇಳಿಯೇ ಮುಟ್ಟುತ್ತೇವೆ. ಅದು ಸರಿಯೇ. ಆದರೂ ಅಂಥ ಹೆಗಲು ನಾನು ಅಲ್ಲಿ ನೋಡಿಲ್ಲ.

ಅವರು ಈಗ ರಿಟೈರ್ ಆಗಿದ್ದಾರೆ. ಈ ಸಲ ಮನೆಗೆ ಹೋಗಿ ಸ್ವಾಬ್ ಸಿಕ್ಕಿದ ಕಥೆ ಹೇಳಿದೆ.

"ಡಾಕ್ಟ್ರು ಬೈಲಿಲ್ವಾ?" ಅಂದರು.

"ಇಲ್ಲ ಸಿಸ್ಟರ್. ಥ್ಯಾಂಕ್ಸ್ ಹೇಳಿದ್ರು."

ಮಂಡಕ್ಕಿ ತಟ್ಟೆ ನನ್ನ ಕಡೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು, "ಹೆಸರು ಹಿಡಿದು ಹೇಳಿದ್ರಾ?"