ಇನ್ನೊಂದು ಸುತ್ತು ಹಾಕಿ ಬರಲಿ

ಮನೆಯಲ್ಲೇ ಕಟ್ಟಿದ ಸಣ್ಣ ವಿಮಾನ ಇಳಿಯುವಾಗ ಮಗುಚಿದ ವಿಡಿಯೋ ಬಂದರೆ ಸಾಕು, "ಶೆಡ್‌ನಲ್ಲಿ ಕಟ್ಟಿದ್ದು ಮಾರಾಯ್ರೇ, ಬೀಳದೆ ಇರುತ್ತದಾ?" ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇಳಿಯುವಾಗ ಆಗುವ ಎಷ್ಟೋ ಅಪಘಾತಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ತಪ್ಪುವುದು ವೇಗ, ಗಾಳಿಯ ಲೆಕ್ಕ, ಆ ಹೊತ್ತಿನ ತೀರ್ಮಾನ.

ಇಂಥ ವಿಮಾನಗಳಲ್ಲಿ ಹಲವಕ್ಕೆ ಮೂರನೇ ಚಕ್ರ ಬಾಲದಲ್ಲಿರುತ್ತದೆ. ಭಾರವೆಲ್ಲ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ. ನೆಲ ಮುಟ್ಟಿದ ಮೇಲೆ ಮೂತಿ ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಹಿಂದಿನ ಭಾರ ಮುಂದೆ ನುಗ್ಗಲು ನೋಡುತ್ತದೆ, ಮೂತಿ ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಒತ್ತಿ ತಕ್ಷಣ ಹಿಡಿಯದಿದ್ದರೆ ವಿಮಾನ ಗಿರಕ್ಕನೆ ಸುತ್ತಿ ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಗ್ರೌಂಡ್ ಲೂಪ್ ಅಂತಾರೆ. ಇದರಲ್ಲಿ ಜೀವ ಉಳಿಯುವುದೇ ಜಾಸ್ತಿ.

ಜೀವ ತೆಗೆಯುವುದು ಅದಕ್ಕೂ ಮುಂಚೆ, ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವು. ಗಾಳಿ ಹಿಂದಿನಿಂದ ತಳ್ಳಿ ವಿಮಾನ ರನ್‌ವೇಯ ಗೆರೆ ದಾಟಿಹೋಗುತ್ತದೆ, ಪೈಲಟ್ ಇನ್ನೂ ಓರೆ ಮಾಡಿ, ಮೂತಿ ಎಳೆದು ತಿರುಗಿಸಲು ಹೋಗುತ್ತಾನೆ. ಎತ್ತರ ಬಿಡದೆ 60 ಡಿಗ್ರಿ ಓರೆಯಲ್ಲಿ ತಿರುಗಿದರೆ, 50 ನಾಟ್ ವೇಗಕ್ಕೆ ಇಳಿದಾಗ ಸ್ಟಾಲ್ ಆಗುತ್ತಿದ್ದ, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದೆ ಕುಸಿಯುತ್ತಿದ್ದ ವಿಮಾನ ಸುಮಾರು 70ಕ್ಕೇ ಹಾಗೆ ಆಗುತ್ತದೆ! ಒಂದು ರೆಕ್ಕೆ ಕುಸಿದರೆ ಸರಿಮಾಡಿಕೊಳ್ಳಲು ಅಲ್ಲಿ ಎತ್ತರ ಎಲ್ಲಿದೆ?

ಹಾಗಾದರೆ ಮನೆಯಲ್ಲಿ ಕಟ್ಟಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ವಾ? ಇದೆ. ಅಮೆರಿಕದ ನಿಯಮದಂತೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ರಜೆ, ದುಡ್ಡು, ಸಂಜೆ ಎಲ್ಲ ಶೆಡ್‌ಗೆ ಹೋಗುತ್ತದೆ, ಹಾರಾಟ ಮಾತ್ರ ಹಿಂದೆ ಬೀಳುತ್ತದೆ. ರಿವೆಟ್ ಹೊಡೆದು ಪಳಗಿದ ಕೈಗೆ ಲ್ಯಾಂಡಿಂಗ್ ಮರೆತಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷಾ ಹಾರಾಟ ಅಂತ ಇಡುತ್ತಾರೆ. ಅದು ವಿಮಾನಕ್ಕಾಯಿತು. ಪೈಲಟ್‌ನ ಕೈ ಪರೀಕ್ಷೆ ಮಾಡುವವರು ಯಾರು?

ಕಾರ್ಖಾನೆಯಲ್ಲಿ ಕಟ್ಟಿದರೆ ಸಾಕು ಅನ್ನುವ ಮಾತನ್ನು ಮಂಗಳೂರಿನವರಾದ ನಾವಂತೂ ಹೇಳಬಾರದು. 2010ರ ಮೇ 22ರಂದು ಬಜ್ಪೆಯಲ್ಲಿ ಇಳಿದದ್ದು ಬೋಯಿಂಗ್ 737. ಎತ್ತರ ಜಾಸ್ತಿ ಇಟ್ಟುಕೊಂಡು ಬಂತು, ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತು. ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲಕ್ಕೇರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದು ತನಿಖೆಯಲ್ಲಿ ಬಂದಿದೆ. ವಿಮಾನ ನಿಲ್ಲದೆ ಗುಡ್ಡದಿಂದ ಕೆಳಗೆ ಬಿದ್ದು 158 ಜನ ಹೋದರು. ಇವತ್ತಿಗೂ ಆ ಗುಡ್ಡದ ಕಡೆ ನೋಡಿದರೆ ಸಂಕಟ ಆಗುತ್ತದೆ.

ಎರಡು ಸೀಟಿನದ್ದಾಗಲಿ, ದೊಡ್ಡದಾಗಲಿ, ಸರಿಯಾಗಿ ಬರುತ್ತಿಲ್ಲ ಅಂದರೆ ಮೇಲಕ್ಕೇರಿ ಇನ್ನೊಂದು ಸುತ್ತು ಹಾಕುವುದಕ್ಕೆ ಖರ್ಚು ಸ್ವಲ್ಪ ಇಂಧನ, ಅಷ್ಟೇ. ಆದರೆ ಮಳೆಗಾಲದಲ್ಲಿ ನಮ್ಮ ವಿಮಾನ ಹಾಗೆ ಮೇಲೆದ್ದರೆ ಒಳಗೆ ಕೂತವರು ಪೈಲಟ್‌ಗೆ ಬೈಯುತ್ತಾರೆ. ದಯವಿಟ್ಟು ಬೈಯಬೇಡಿ.

ನಮ್ಮೂರಿನ ಹುಡುಗ ಹುಡುಗಿಯರಿಗೆ ವಿಮಾನ ಕಟ್ಟುವ ಆಸೆ ಇದ್ದರೆ ಕಟ್ಟಲಿ, ನನಗೆ ಖುಷಿಯೇ. ಮೊದಲ ಹಾರಾಟಕ್ಕೆ ಮುಂಚೆ, ಅಂಥದ್ದೇ ವಿಮಾನ ಹಾರಿಸಿ ಗೊತ್ತಿರುವ ಗುರುಗಳ ಪಕ್ಕ ಕೂತು, ಅಡ್ಡಗಾಳಿ ಇರುವ ದಿನ ಇಳಿಸಿ ಕಲಿಯಲಿ. ಗೋ ಅರೌಂಡ್ ಕೂಡ.