ಸ್ಪಷ್ಟನೆ: ಲೈವ್ ಲಿನಕ್ಸ್ ಅರ್ಧಕ್ಕೆ ನಿಂತರೆ ಪೆನ್‌ಡ್ರೈವ್ ಕೆಟ್ಟಿದೆ ಎಂದಲ್ಲ

ಉಬುಂಟು ಲೈವ್ ಪೆನ್‌ಡ್ರೈವ್‌ನ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವ ಪೆನ್‌ಡ್ರೈವ್) ಗ್ರಬ್ ಮೆನು, ಅಂದರೆ ಬೂಟ್ ಆಯ್ಕೆಗಳ ಪಟ್ಟಿ, ಬಂದ ಮೇಲೆ, ‘ಲೈವ್ ಫೈಲ್ ಸಿಸ್ಟಂ ಇರುವ ಮಾಧ್ಯಮ ಸಿಗಲಿಲ್ಲ’ ಎಂಬರ್ಥದ ಸಂದೇಶ ತೋರಿಸಿ ಇನಿಟ್‌ರಾಮ್‌ಎಫ್‌ಎಸ್ (initramfs) ಪ್ರಾಂಪ್ಟ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ನಿಂತರೆ ಪೆನ್‌ಡ್ರೈವ್ ಸತ್ತಿದೆ, ಹೊಸದು ಕೊಳ್ಳಿ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಎಸೆಯಬೇಡಿ.

ಮೆನು ಬರುವವರೆಗೆ ಪೆನ್‌ಡ್ರೈವ್ ಓದುವುದು ಬಯೋಸ್ ಅಥವಾ ಯುಇಎಫ್‌ಐ, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಆರಂಭಿಕ ತಂತ್ರಾಂಶ. ಲಿನಕ್ಸ್‌ನ ತಿರುಳಾದ ಕರ್ನಲ್ ಶುರುವಾದ ಮೇಲೆ ಅದರದೇ ಯುಎಸ್‌ಬಿ ಡ್ರೈವರ್ ಪೋರ್ಟನ್ನು ರೀಸೆಟ್ ಮಾಡಿ ಸಾಧನವನ್ನು ಹೊಸದಾಗಿ ಗುರುತಿಸಬೇಕು. ಎಷ್ಟೋ ಸಲ ಎಡವುವುದು ಇಲ್ಲೇ.

ಮೊದಲು ಹಬ್, ಎಕ್ಸ್‌ಟೆನ್ಷನ್ ಕೇಬಲ್ ತೆಗೆದು, ಯುಎಸ್‌ಬಿ 2 ಪೋರ್ಟಿಗೆ ನೇರವಾಗಿ ಹಾಕಿ ಮತ್ತೆ ಬೂಟ್ ಮಾಡಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟೇ ವಾಸಿ; ಮುಂಬದಿಯದಕ್ಕೆ ಕ್ಯಾಬಿನೆಟ್ ಒಳಗೆ ಇನ್ನೊಂದು ಕೇಬಲ್ ಇರುತ್ತದೆ. ಆಗಲೂ ನಿಂತರೆ ಅದೇ ಪ್ರಾಂಪ್ಟ್‌ನಲ್ಲಿ dmesg (ಕರ್ನಲ್ ಸಂದೇಶಗಳನ್ನು ತೋರಿಸುವ) ಕಮಾಂಡ್ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಎರರ್ -71 ಕಂಡರೆ ಸಿಗ್ನಲ್ ಸರಿಯಾಗಿ ಹೋಗುತ್ತಿಲ್ಲ. ಪೋರ್ಟ್, ಕೇಬಲ್, ಪವರ್ ಪರೀಕ್ಷಿಸಿ. -110 ಎಂದರೆ ಸಾಧನ ಸಮಯಕ್ಕೆ ಉತ್ತರಿಸಿಲ್ಲ. ಡ್ರೈವ್ ಪತ್ತೆಯಾಗಿ ಎರರ್ ಇಲ್ಲದಿದ್ದರೆ ಅನುಮಾನ ಪೆನ್‌ಡ್ರೈವ್‌ಗೆ ಬರೆದ ಇಮೇಜ್ ಮೇಲೆ: ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲಿನ ಎಸ್‌ಎಚ್‌ಎ256 (ಫೈಲ್ ಸರಿಯಿದೆಯೇ ಎಂದು ನೋಡುವ ಸಂಕೇತ) ಉಬುಂಟು ಕೊಟ್ಟದ್ದರೊಂದಿಗೆ ತಾಳೆ ನೋಡಿ, ಪೆನ್‌ಡ್ರೈವ್‌ಗೆ ಇಮೇಜ್ ಬರೆಯುವ ರೂಫಸ್ ತಂತ್ರಾಂಶದ ಡಿಡಿ ಮೋಡ್‌ನಲ್ಲಿ ಮತ್ತೆ ಬರೆಯಿರಿ. ಐ/ಒ ಎರರ್ (ಓದುವ-ಬರೆಯುವ ದೋಷ) ಬೇರೆ ಕಂಪ್ಯೂಟರಿನಲ್ಲೂ ಬಂದರೆ ಮಾತ್ರ ಪೆನ್‌ಡ್ರೈವ್ ಬದಲಿಸಿ.