ಹುಲ್ಲು ಹೋದವರಿಗೆ ಪರಿಹಾರ ಯಾಕಿಲ್ಲ?

ನನ್ನ ಸೋದರಮಾವ ಚಳ್ಳಕೆರೆ ಕಡೆಯ ಕುರಿಗಾಹಿ. 2023ರ ಕೊನೆಯಲ್ಲಿ ಕಣ್ಣು ತೋರಿಸೋಕೆ ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆ ಮನೆ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಹುಲ್ಲು ಕತ್ತರಿಸಿ ಚೀಲಕ್ಕೆ ತುಂಬುತ್ತಿದ್ದರು. ಮಾವ ನಿಂತುಬಿಟ್ಟರು. "ಇದನ್ನ ಏನ್ ಮಾಡ್ತಾರಪ್ಪಾ?" ಅಂದರು. "ಕಸದ ಗಾಡಿಗೆ ಹಾಕ್ತಾರೆ ಮಾವ" ಅಂದೆ. ಆಸ್ಪತ್ರೆ ತಲುಪುವವರೆಗೂ ಅವರು ಮಾತಾಡಲಿಲ್ಲ.

ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ಕೇಂದ್ರದ ಹಣಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಂತು. ಬೆಳೆ ಕಳೆದುಕೊಂಡವರ ಖಾತೆಗೆ ಹಣ ಬಿತ್ತು. ಬೀಳಲೇಬೇಕಿತ್ತು. ಮಾವನಿಗೆ ಏನೂ ಬರಲಿಲ್ಲ. ಅವರ ಹೆಸರಲ್ಲಿ ಪಹಣಿ ಇಲ್ಲ.

ಅವರ ನಷ್ಟ ಕೇಳಿ. ಮಳೆ ಕೈಕೊಟ್ಟಿತು, ಗೋಮಾಳದಲ್ಲಿ ಹುಲ್ಲು ಚಿಗುರಲಿಲ್ಲ. ಬೇರೆ ವರ್ಷ ಶೇಂಗಾ ಕಿತ್ತ ಹೊಲಗಳಲ್ಲಿ ಕುರಿ ಮೇಯುತ್ತಿದ್ದವು. ರಾತ್ರಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಅಂತ ಹೊಲದವರು ದುಡ್ಡೋ ಕಾಳೋ ಕೊಡುತ್ತಿದ್ದರು. ಶೇಂಗಾನೇ ಒಣಗಿದ ಮೇಲೆ ಯಾರು ಕರೀತಾರೆ? ತಾಯಿ ಕುರಿಗಳ ಹಾಲು ಬತ್ತಿತು, ಮರಿ ಸೊರಗಿದವು. ಜಾಲಿಕಾಯಿ ಎಷ್ಟು ದಿನ ಆದೀತು? 60 ಕುರಿಯಲ್ಲಿ 25 ಸಂತೆಗೆ ಹೊಡೆದರು, ಅರ್ಧ ಬೆಲೆಗೆ. ಎಲ್ಲರೂ ಮಾರೋಕೇ ಬಂದಿದ್ದರಲ್ವಾ. ಇಲ್ಲಿ ನಾನು ಭಾನುವಾರ ತರುವ ಮಟನ್ ರೇಟು ಮಾತ್ರ ಇಳಿಯಲಿಲ್ಲ.

ವಿಪತ್ತು ಪರಿಹಾರದ 2022–26ರ ನಿಯಮದಲ್ಲಿ ವಿಕೋಪಕ್ಕೆ ಸಿಕ್ಕಿ ಕುರಿ ಸತ್ತರೆ 4,000 ರೂಪಾಯಿ ಇದೆ. ಹಸು, ಎಮ್ಮೆಗೆ 37,500. ಬದುಕಿರುವ ಪ್ರಾಣಿಗೆ ಸಿಗುವುದು ಗೋಶಾಲೆಯ ಮೇವು: ದೊಡ್ಡದಕ್ಕೆ ದಿನಕ್ಕೆ 80, ಚಿಕ್ಕದಕ್ಕೆ 45 ರೂಪಾಯಿ ಲೆಕ್ಕ. ಆದರೆ ಊರಿಂದ ಊರಿಗೆ ಹೋಗುವ ಕುರಿಹಿಂಡು ಗೋಶಾಲೆಯಲ್ಲಿ ನಿಲ್ಲುವುದಿಲ್ಲ. ಈ ನಿಯಮ ಬರೆದವರ ಕಣ್ಣ ಮುಂದೆ ಕೊಟ್ಟಿಗೆ ಇತ್ತು, ಹಟ್ಟಿ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಅಮೆರಿಕದಲ್ಲಿ ಮೇವು ನಷ್ಟಕ್ಕೇ ಅಂತ ಒಂದು ಯೋಜನೆ ಇದೆ. 2014ರ ಕೃಷಿ ಕಾಯ್ದೆ ಅದನ್ನು ಕಾಯಂ ಮಾಡಿತು. ಅಲ್ಲಿ ಬರದ ನಕ್ಷೆ ವಾರ ವಾರ ಬರುತ್ತದೆ. ಮೇಯುವ ಕಾಲದಲ್ಲಿ ಜಿಲ್ಲೆ ಒಮ್ಮೆ ಅತಿ ತೀವ್ರ ಬರದ ಬಣ್ಣಕ್ಕೆ ತಿರುಗಿದರೂ ಸಾಕು, ಮೂರು ತಿಂಗಳ ಕಂತು ಸಿಗುತ್ತದೆ. ಕಂತು ಅಂದರೆ ತಿಂಗಳ ಮೇವಿನ ಖರ್ಚಿನಲ್ಲಿ ಶೇ. 60. ಪ್ರಾಣಿ ಸಾಯಬೇಕಾಗಿಲ್ಲ. ಹಾಗಂತ ಅದನ್ನೇ ನಕಲು ಮಾಡಿದರೆ ಆಗಲ್ಲ. ಅಲ್ಲೂ ಸ್ವಂತದ್ದೋ ಗುತ್ತಿಗೆಯದ್ದೋ ಮೇಯುವ ಜಮೀನು ತೋರಿಸಬೇಕು. ನಮ್ಮ ಕುರಿಗಾಹಿಗಳದ್ದು ಊರ ಗೋಮಾಳ. 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಅಂತ ನಮ್ಮ ಭೂಕಂದಾಯ ನಿಯಮವೇ ಹೇಳುತ್ತದೆ. ಎಷ್ಟು ಊರಲ್ಲಿ ಅಷ್ಟು ಉಳಿದಿದೆ?

ಹಾಗಾಗಿ ಇಲ್ಲಿ ಜಮೀನಿನ ಬದಲು ತಲೆ ಎಣಿಸಿ ಕೊಡಬೇಕು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ 1.11 ಕೋಟಿ ಕುರಿ ಇದ್ದವು. 2024ರಲ್ಲಿ ಶುರುವಾದ ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರನ್ನೂ ಪ್ರತ್ಯೇಕವಾಗಿ ಎಣಿಸಿದರು. ಎಣಿಸಲು ಆಗುತ್ತದೆ ಅಂದಮೇಲೆ ಕೊಡಲೂ ಆಗುತ್ತದೆ. ತಾಲ್ಲೂಕು ಬರಪೀಡಿತ ಅಂತ ಘೋಷಿಸಿದ ದಿನದಿಂದಲೇ ತಿಂಗಳಿಗೆ ಕುರಿಗೆ ಇಷ್ಟು ಅಂತ ಖಾತೆಗೆ ಹಾಕಲಿ. ಮಾರಾಟಕ್ಕೆ ಮೊದಲೇ ಬಂದರೆ ಮಾತ್ರ ಆ ದುಡ್ಡಿನಿಂದ ಪ್ರಯೋಜನ.

ಪಶುಪಾಲನಾ ಇಲಾಖೆ, ಕಂದಾಯ ಇಲಾಖೆಯಲ್ಲಿರುವ ಗೆಳೆಯರು ಇಲ್ಲಿ ತುಂಬಾ ಜನ ಇದ್ದೀರಿ. ಮುಂದಿನ ನಿಯಮಗಳಿಗೆ ಈ ಒಂದು ಸಾಲು ಸೇರಿಸಲು ಯಾರಿಗೆ ಅರ್ಜಿ ಕೊಡಬೇಕು, ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ಮಾವನ ಹಟ್ಟಿಯವರೆಲ್ಲ ಸಹಿ ಹಾಕಲು ತಯಾರಿದ್ದಾರೆ.